ಎರಡನೆಯ ಗೆರೆ

ಲುಂಡ್, ಸ್ವೀಡನ್
೪ ಅಕ್ಟೋಬರ್ ೧೯೯೦, ಗುರುವಾರ

ಮೊಲದಪ್ಪನಿಗೆ,

ಈ ಕಾಗದ ತಂದವರು ಪಾದ್ರಿ ಅಂಪೊಂಸಾ. ಅವರ ಕೈಯಲ್ಲಿರುವ ಫ್ಲಾಸ್ಕನ್ನು ಮೊದಲು ಇಸಕೊಂಡು ಫ್ರಿಜ್ಜಿಗೆ ಸೇರಿಸು, ಕಾಗದ ಆಮೇಲೆ ಓದು. ಇದನ್ನು ಓದುತ್ತಿದ್ದೀಯ ಅಂದರೆ ಇನ್ನೂ ಸೇರಿಸಿಲ್ಲ ಅಂತಲೇ ಅರ್ಥ. ಏಳು.

ಫ್ಲಾಸ್ಕಿನಲ್ಲಿ ನಾಲ್ಕು ಪುಟ್ಟ ನಳಿಗೆಗಳಿವೆ. ನೋಡಿದರೆ ಬರೀ ನೀರು. ಮೇ, ಜೂನಿನಲ್ಲಿ ನೀನು ನಮ್ಮೂರಿನ ಶಿಯಾ ಮರಗಳ ಕೆಳಗೆ ಕೂತು ವಾರವಾರ ಕಾಯಿ ಆರಿಸಿ, ಬೀಜ ಅರೆದು, ಒಣಗಿಸಿ ಕಳಿಸಿದ ಇಪ್ಪತ್ತು ಡಬ್ಬಿ ಪುಡಿಯಿಂದ ನಾನು ಎತ್ತಿದ್ದು ಇಷ್ಟೇ. ಒಂದೇ ಒಂದು ಕಿಣ್ವ. ಬೀಜದೊಳಗೆ ಕೊಬ್ಬಿನಾಮ್ಲ ಕಟ್ಟುವಾಗ ಹತ್ತಾರು ಕಿಣ್ವಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತವೆ. ಸಾಲಿನ ಕೊನೆಯಲ್ಲಿ ನಿಂತು ಗಟ್ಟಿ ಕೊಬ್ಬನ್ನು ಮೆತ್ತಗೆ ಮಾಡುವವನು ಇವನು. ಅಮ್ಮ ಬೀಜದಿಂದ ತೆಗೆದ ಬೆಣ್ಣೆ ಮುಟ್ಟಿ ನೋಡಿ ಇದು ಗಟ್ಟಿ ಮರದ್ದು, ಇದು ಮೆತ್ತನೆ ಮರದ್ದು ಅನ್ನುತ್ತಾಳಲ್ಲ, ಅದು ಇವನ ಕೈವಾಡ ಅಂತ ನನ್ನ ಗುಮಾನಿ. ಆದರೆ ಇವನು ಬೀಜದಲ್ಲಿ ಯಾವ ವಾರ ಬರುತ್ತಾನೆ, ಯಾವ ವಾರ ಹೋಗುತ್ತಾನೆ ಅಂತ ನೋಡಲು ಕಣ್ಣು ಸಾಲದು. ಅದಕ್ಕೆ ನಿನ್ನ ಮೊಲಗಳು ಬೇಕು. ಅವುಗಳ ರಕ್ತ ಇವನ ವಿರುದ್ಧ ಪ್ರತಿಕಾಯ ಕಟ್ಟಿದರೆ, ಆ ಪ್ರತಿಕಾಯ ಸಾವಿರ ಪ್ರೋಟೀನುಗಳ ನಡುವೆ ಇವನೊಬ್ಬನನ್ನೇ ಹಿಡಿದು ತೋರಿಸುತ್ತದೆ.

ಮೂರು ತಿಂಗಳು ಚಳಿಕೋಣೆಯಲ್ಲಿ ನಿಂತು ಇದನ್ನು ಮಾಡಿದ್ದೇನೆ. ಬೆರಳು ಸೆಟೆದುಕೊಂಡು ಪೆನ್ನು ಹಿಡಿಯೋಕಾಗುತ್ತಿರಲಿಲ್ಲ. ಇನ್ನೊಮ್ಮೆ ಮಾಡು ಅಂದರೆ ಮುಂದಿನ ಕಾಯಿಯ ಕಾಲದ ತನಕ ಕಾಯಬೇಕು. ಮೂರು ಮೊಲಕ್ಕೆ ಸೂಜಿ ಹಾಕು. ಸೂಜಿಗೆ ಮುಂಚೆ ಪ್ರತಿಯೊಂದರಿಂದಲೂ ಸ್ವಲ್ಪ ರಕ್ತ ತೆಗೆದಿಡು. ಆ ಮೊದಲ ರಕ್ತ ಇಲ್ಲದಿದ್ದರೆ ಆಮೇಲೆ ಕಾಣುವ ಯಾವುದನ್ನೂ ನಾನು ನಂಬುವ ಹಾಗಿಲ್ಲ.

ಬಂದು ಇವತ್ತಿಗೆ ಒಂದು ವರ್ಷವಾಯಿತು. ಏಪ್ರಿಲಿಗೆ ಬರುತ್ತೇನೆ.

ನಿನ್ನ,
ಲಾಮಿಸಿ


ಕುಮಾಸಿ
೧೮ ಅಕ್ಟೋಬರ್ ೧೯೯೦, ಗುರುವಾರ

ಡಾಕ್ಟರಮ್ಮನವರಿಗೆ,

(ಇನ್ನೂ ಆಗಿಲ್ಲ ಅನ್ನಬೇಡ. ನಮ್ಮ ಎಣ್ಣೆಬೀಜ ಸಂಶೋಧನಾಲಯದ ಕಾವಲುಗಾರ ಕೂಡ ಹಾಗೇ ಕರೆಯೋದು.)

ಗುರುವಾರ ಹುಟ್ಟಿದವಳಿಗೆ ಗುರುವಾರ ಹುಟ್ಟಿದವನ ನಮಸ್ಕಾರ. ಆ ದಿನ ಹುಟ್ಟಿದ ಹೆಣ್ಣಿಗೆ ನಿಮ್ಮ ಕಡೆ ಲಾಮಿಸಿ ಅಂತ ಹೆಸರು, ಗಂಡಿಗೆ ನಮ್ಮ ಕಡೆ ಯಾವ್. ಕೂಗೋದು ಬೇರೆ, ದಿನ ಒಂದೇ. ಅದಕ್ಕೇ ನಾನೂ ಗುರುವಾರವೇ ಬರೆಯೋದು.

ಫ್ಲಾಸ್ಕು ಸೇರಿದೆ. ನೀನು ಬೈದ ಮೇಲೆ ಸೇರಿಸಿದ್ದು, ಒಪ್ಪಿಕೊಂಡೆ. ಮೂರು ಮೊಲ ಆರಿಸಿದೆ, ಎಲ್ಲ ಬಿಳಿ, ಎಲ್ಲ ಹೆಣ್ಣು. ಒಂದು, ಎರಡು, ಮೂರು ಅಂತ ಕಿವಿಗೆ ನಂಬರು ಹಾಕಿದೆ. ಮೊದಲ ರಕ್ತ ತೆಗೆದು ನಂಬರು ಬರೆದು ಇಟ್ಟಿದ್ದೇನೆ. ಇವತ್ತು ಬೆಳಿಗ್ಗೆ ಸೂಜಿ ಆಯ್ತು. ಮೂರನೆಯವಳು ನನ್ನ ಅಂಗಿ ಹರಿದಳು. ಊಟದಂಗಡಿಯ ಪೊಕುವಾ ಅಮ್ಮ ನೋಡಿ, "ಏನಪ್ಪಾ ಅದೊಮಾಕೊ, ಹುಡುಗಿ ಅಲ್ಲಿ ದೇಶಾಂತರ ಹೋದಳು, ಇಲ್ಲಿ ಯಾರು ಅಂಗಿ ಹರಿಯೋದು?" ಅಂದಳು. ಮೊಲ ಅಂದೆ. "ಈಗ ಹಾಗೂ ಹೆಸರಿಡ್ತಾರಾ?" ಅಂತ ಫುಫು ಮುದ್ದೆ ಕುಟ್ಟೋದು ಬಿಟ್ಟು ನಗ್ತಾ ಕೂತಳು.

ಜೂನಿನಲ್ಲಿ ನಿಮ್ಮಮ್ಮ ನನ್ನನ್ನು ಕೇಳಿದ್ದು ನಿನಗೆ ಬರೆದಿರಲಿಲ್ಲ. ಬೀಜ ಅರೀತಿದ್ದೆ, ಎದುರು ಬಂದು ಕೂತರು. "ದಕ್ಷಿಣದವನೇ, ಇಷ್ಟು ಬೀಜ ಅರೆದು ನೀನು ಬೆಣ್ಣೆ ತೆಗೆಯಲ್ಲ, ಸಾಬೂನು ಮಾಡಲ್ಲ. ಯಾರಿಗೋಸ್ಕರ ಅರೀತೀಯ?" ಅಂದರು. ವಿಜ್ಞಾನಕ್ಕೆ ಅಂದೆ. "ಅವಳ ಹೆಸರು ಲಾಮಿಸಿ ಅಂತ ಇಟ್ಟಿದ್ದು ನಾವು. ವಿಜ್ಞಾನ ಅಂತ ಯಾವಾಗ ಬದಲಾಯಿಸಿದಳು?" ಅಂದರು.

ನಿನ್ನ,
ಅದೊಮಾಕೊ


ಲುಂಡ್
೧೫ ನವೆಂಬರ್ ೧೯೯೦, ಗುರುವಾರ

ಮೊಲದಪ್ಪ,

ಅಮ್ಮನ ಮಾತು ಓದಿ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಈ ಊರಲ್ಲಿ ಬಸ್ಸಿನಲ್ಲಿ ಯಾರೂ ನಗುವುದಿಲ್ಲ. ಎದುರಿನ ಮುದುಕಿ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

ಸಂಜೆ ನಾಲ್ಕಕ್ಕೇ ಇಲ್ಲಿ ಕತ್ತಲು. ಊಟಕ್ಕೆ ಆಲೂಗಡ್ಡೆ. ನಿನ್ನೆ ಅಮ್ಮ ಕೊಟ್ಟ ಬೆಣ್ಣೆಯನ್ನು ಕೈಗೆ ಹಚ್ಚಿಕೊಂಡೆ, ಡಬ್ಬಿಯ ತಳ ಕಂಡಿದೆ. ಆ ವಾಸನೆಗೆ ನೆನಪಾದದ್ದು ಅಮ್ಮನಲ್ಲ, ನೀನು. ಪ್ರಾಣಿಮನೆಯ ಹುಲ್ಲಿನ ವಾಸನೆ ಮತ್ತು ನೀನು ತಲೆಗೆ ಹಾಕುವ ಆ ಎಣ್ಣೆ. ಇದನ್ನು ಬರೆಯಬಾರದಿತ್ತು. ಇರಲಿ, ಪೆನ್ನಿನಲ್ಲಿ ಬರೆದಿದ್ದೇನೆ.

ಮೊಲಗಳ ಸುದ್ದಿ ಬರೆ. ಉದ್ದಕ್ಕೆ ಬರೆ.

ಲಾಮಿಸಿ


ಕುಮಾಸಿ
೨೯ ನವೆಂಬರ್ ೧೯೯೦

ಲಾಮಿಸಿ,

ಮೊಲ ಚೆನ್ನಾಗಿದೆ. ಎರಡನೆಯ ಸೂಜಿ ಆಯಿತು. ಜನವರಿಯಲ್ಲಿ ರಕ್ತ ತೆಗೆಯುತ್ತೇನೆ. ಸೋದರಮಾವನ ಉತ್ತರಕ್ರಿಯೆಗೆ ಎಜಿಸುಗೆ ಹೋಗಿದ್ದೆ, ಅದರಿಂದ ಬರೆಯುವುದು ತಡವಾಯಿತು. ಇಲ್ಲಿ ಧೂಳಿನ ಗಾಳಿ ಶುರುವಾಗಿದೆ.

ಅದೊಮಾಕೊ


ಲುಂಡ್
೨೦ ಡಿಸೆಂಬರ್ ೧೯೯೦, ಗುರುವಾರ

ಅದೊಮಾಕೊ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮಾವ ಹೋದದ್ದಕ್ಕೆ ಬೇಸರವಾಯಿತು. ಆದರೆ ನಿನ್ನ ಮೌನ ಬರೀ ಅದಕ್ಕಲ್ಲ. ನಾನು ಹುಲ್ಲು, ಎಣ್ಣೆ ಅಂತೆಲ್ಲ ಬರೆದದ್ದು ನಿನಗೆ ಭಾರವಾಗಿದ್ದರೆ ಅದನ್ನು ಬರೆದೇ ಇಲ್ಲ ಅಂದುಕೋ. ಅಥವಾ ಪೊಕುವಾ ಅಮ್ಮನ ಅಂಗಡಿಯಲ್ಲಿ ನಗಿಸುವವರು ಬೇರೆ ಯಾರಾದರೂ ಸಿಕ್ಕಿದ್ದರೆ ಅದನ್ನೂ ನೇರ ಬರೆ. ನಾನು ಮುರಿದುಹೋಗುವುದಿಲ್ಲ.

ಮೊಲದ ರಕ್ತದಿಂದ ತೆಗೆದ ಸೀರಮ್ ಕಳಿಸುವಾಗ ಮೊದಲ ರಕ್ತವನ್ನೂ ಮರೆಯದೆ ಕಳಿಸು.

ಲಾಮಿಸಿ


ಕುಮಾಸಿ
೧೦ ಜನವರಿ ೧೯೯೧

ಲಾಮಿಸಿ,

ನಗಿಸುವವರು ಯಾರೂ ಇಲ್ಲ. ಭಾರವೂ ಆಗಿಲ್ಲ. ಆ ಸಾಲನ್ನು ಬರೆದಿಲ್ಲ ಅಂದುಕೊಳ್ಳೋಕೆ ನನ್ನ ಕೈಯಲ್ಲಿ ಆಗಲ್ಲ, ಕಾಗದ ಮಡಿಸಿದ ಜಾಗದಲ್ಲಿ ಹರಿದೇ ಹೋಗಿದೆ.

ಸೀರಮ್ ಕಳಿಸಿದ್ದೇನೆ. ಮೊಲ ನಂಬರು ಮೂರು. ಉಳಿದೆರಡರ ರಕ್ತ ಅಷ್ಟು ಚೆನ್ನಾಗಿ ಬಂದಿಲ್ಲ. ಜೊತೆಗೆ ನಂಬರು ಮೂರರ ಮೊದಲ ರಕ್ತ, ನೀಲಿ ಮುಚ್ಚಳದ್ದು.

ಆರೋಗ್ಯ ನೋಡಿಕೋ.

ಅದೊಮಾಕೊ


ಲುಂಡ್
೨೧ ಫೆಬ್ರವರಿ ೧೯೯೧, ಗುರುವಾರ

ನನ್ನ ಪ್ರೀತಿಯ ಮೊಲದಪ್ಪ,

ಕುಳಿತುಕೊಂಡು ಓದು.

ನಿನ್ನ ಸೀರಮ್ ಕೆಲಸ ಮಾಡಿತು. ಬೀಜದ ಪ್ರೋಟೀನುಗಳನ್ನೆಲ್ಲ ಗಾತ್ರದ ಪ್ರಕಾರ ಹರಡಿ, ಅದರ ಮೇಲೆ ನಿನ್ನ ಸೀರಮ್ ಸುರಿದು, ಫಿಲ್ಮ್ ಇಟ್ಟು, ಕೆಂಪು ದೀಪದ ಕೋಣೆಯಲ್ಲಿ ತೊಳೆದೆ. ನಾನು ಕಾಯುತ್ತಿದ್ದದ್ದು ಒಂದು ಗೆರೆಗೆ. ಬಂದದ್ದು ಎರಡು. ಕೆಳಗೆ ನಮ್ಮ ಕಿಣ್ವ, ಇರಬೇಕಾದ ಜಾಗದಲ್ಲೇ. ಮೇಲೆ ಇನ್ನೊಂದು, ಸ್ವಲ್ಪ ದೊಡ್ಡದು. ಆ ಎರಡನೆಯ ಗೆರೆ ಗಟ್ಟಿ ಮರಗಳಲ್ಲಿ ದಪ್ಪ, ಮೆತ್ತನೆ ಮರಗಳಲ್ಲಿ ತೆಳು. ಅಮ್ಮ ಕೈಯಲ್ಲಿ ಹೇಳಿದ್ದನ್ನು ಫಿಲ್ಮ್ ಹೇಳುತ್ತಿದೆ.

ಮೊದಲ ರಕ್ತ ಸುರಿದೆ, ಏನೂ ಬರಲಿಲ್ಲ. ಅಂದರೆ ಎರಡೂ ನಮ್ಮ ಸೂಜಿಯಿಂದಲೇ ಬಂದವು. ಅಂದರೆ ಶಿಯಾದಲ್ಲಿ ಈ ಕಿಣ್ವಕ್ಕೆ ಎರಡು ರೂಪಗಳಿವೆ. ಇದನ್ನು ಯಾರೂ ನೋಡಿಲ್ಲ. ಪ್ರೊಫೆಸರ್ ಲಿಂಡೆಲ್ ಯಾವತ್ತೂ ಯಾರ ಭುಜವನ್ನೂ ಮುಟ್ಟದ ಹೆಂಗಸು, ನಿನ್ನೆ ನನ್ನ ಭುಜ ಹಿಡಿದರು. ಜೂನಿನ ಸಮ್ಮೇಳನದಲ್ಲಿ ನಾನೇ ಮಾತಾಡಬೇಕಂತೆ. ಲೇಖನದಲ್ಲಿ ನಿನ್ನ ಹೆಸರನ್ನೂ ಹಾಕುತ್ತೇನೆ.

ಕೆಂಪು ದೀಪದ ಕೆಳಗೆ ಒಬ್ಬಳೇ ನಿಂತಿದ್ದಾಗ, ಇದನ್ನು ನೀನು ನನ್ನ ಪಕ್ಕದಲ್ಲಿ ನಿಂತು ನೋಡಬೇಕಿತ್ತು ಅನ್ನಿಸಿತು. ಅಷ್ಟೇ, ಬೇರೇನಿಲ್ಲ.

ನಿನ್ನ,
ಲಾಮಿಸಿ


ಕುಮಾಸಿ
೧೪ ಮಾರ್ಚ್ ೧೯೯೧

ಲಾಮಿಸಿ,

ಅಭಿನಂದನೆ. ನಿರ್ದೇಶಕ ನ್ಕೆತಿಯಾ ಅವರು ಎಲ್ಲರಿಗೂ ಹೇಳಿಕೊಂಡು ಓಡಾಡ್ತಿದ್ದಾರೆ.

ಒಂದು ಮಾತು. ಆ ಎರಡನೆಯ ಗೆರೆ ಬೇರೆ ಏನಾದರೂ ಆಗಿರಬಹುದಾ? ಸಮ್ಮೇಳನಕ್ಕೆ ಮೊದಲು ಇನ್ನೊಂದು ಮೊಲದಲ್ಲಿ ನೋಡಬಾರದಾ? ನನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ಮನೆ ಕೇಳಿದೆ. ನನ್ನ ಹೆಸರು ಹಾಕಬೇಡ.

ಅದೊಮಾಕೊ


ಲುಂಡ್
೨೮ ಮಾರ್ಚ್ ೧೯೯೧

ಅದೊಮಾಕೊ,

ಹೆಸರು ಬೇಡವಾದರೆ ಹಾಕುವುದಿಲ್ಲ. ಎರಡನೆಯ ಗೆರೆಯನ್ನು ಮೊದಲ ರಕ್ತದ ಜೊತೆ ಮೂರು ಸಲ ಹೋಲಿಸಿದ್ದೇನೆ. ಹೊಸ ಮೊಲ, ಹೊಸ ಸೂಜಿ ಅಂದರೆ ಇನ್ನೊಂದು ವರ್ಷ. ನನ್ನ ಸಂತೋಷ ನಿನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ, ಅದು ನನ್ನ ತಪ್ಪು.

ಸಮ್ಮೇಳನವಿರುವುದರಿಂದ ಏಪ್ರಿಲಿಗೆ ಬರಲಾಗುವುದಿಲ್ಲ. ಬೇರೆ ಹೊಸ ವಿಷಯ ಏನೂ ಇಲ್ಲ.

ಲಾಮಿಸಿ


ಕುಮಾಸಿ
೧೫ ಏಪ್ರಿಲ್ ೧೯೯೧, ಸೋಮವಾರ

ಲಾಮಿಸಿ,

ಗುರುವಾರದ ತನಕ ಕಾದರೆ ಧೈರ್ಯ ಹೋಗುತ್ತೆ. ಅದಕ್ಕೆ ಇವತ್ತೇ ಬರೀತಿದ್ದೇನೆ.

ನವೆಂಬರ್ ಹದಿನೇಳು, ಶನಿವಾರ. ಮಾವನ ಉತ್ತರಕ್ರಿಯೆಗೆ ಹೋದೆ. ಮೊಲದ ಗೂಡಿನ ಕಾಲುಗಳನ್ನು ಸೀಮೆಎಣ್ಣೆ ಡಬ್ಬಿಯೊಳಗೆ ನಿಲ್ಲಿಸಿರ್ತೀವಿ, ನಿನಗೆ ಗೊತ್ತು. ಡಬ್ಬಿ ಒಣಗಿತ್ತು. ಬಂದು ತುಂಬಿಸಿದರಾಯ್ತು, ಒಂದು ದಿನದ ಮಾತು ಅಂದುಕೊಂಡು ಹೋದೆ. ಅಲ್ಲಿ ಕುಡಿದೆ. ಅವತ್ತು ಬರಲಿಲ್ಲ. ಭಾನುವಾರ ಬೆಳಿಗ್ಗೆ ಬಂದರೆ ನೆಲದ ಮೇಲೆ ಕಪ್ಪು ಹಗ್ಗ ಹಾಸಿದ ಹಾಗೆ ಸೈನಿಕ ಇರುವೆ ಸಾಲು. ಮೂರು ಮೊಲಗಳೂ ಹೋಗಿದ್ದವು. ಹೇಗೆ ಹೋಗಿದ್ದವು ಅಂತ ಬರೆಯಲ್ಲ.

ನಿನ್ನ ನಾಲ್ಕನೆಯ ನಳಿಗೆ ಫ್ರಿಜ್ಜಿನಲ್ಲಿ ಉಳಿದಿತ್ತು. ಹಿಂದಿನ ಕೊಟ್ಟಿಗೆಯಲ್ಲಿ ಕಡಲೆಕಾಯಿ ಯೋಜನೆಯವರು ಬಿಟ್ಟುಹೋದ ಒಂದು ಮುದಿ ಮೊಲ ಇತ್ತು. ಅದಕ್ಕೆ ಸೂಜಿ ಹಾಕಿದೆ. ನೀನು ನೋಡಿದ್ದು ಅದರ ಸೀರಮ್. ಆ ಮೊಲಕ್ಕೆ ಎರಡು ವರ್ಷದ ಹಿಂದೆ ಕಡಲೆಕಾಯಿಯ ಒಂದು ಕಿಣ್ವ ಚುಚ್ಚಿದ್ದರು. ರಿಜಿಸ್ಟರು ತೆಗೆದು ನೋಡಿದೆ. ನಿನ್ನ ಸಾಲಿನಲ್ಲೇ ನಿಲ್ಲುವವನಂತೆ, ಎರಡು ಹೆಜ್ಜೆ ಹಿಂದೆ. ನಿನ್ನ ಎರಡನೆಯ ಗೆರೆ ಶಿಯಾ ಬೀಜದೊಳಗಿನ ಅವನ ಜೋಡಿಯೇ ಇರಬೇಕು. ನೀಲಿ ಮುಚ್ಚಳದ ಮೊದಲ ರಕ್ತ ಸತ್ತ ಮೂರನೆಯವಳದ್ದು. ಅದರಲ್ಲಿ ಏನೂ ಬರದೆ ಇದ್ದದ್ದು ಅದಕ್ಕೇ.

ನವೆಂಬರಿನಲ್ಲಿ ಬರೆಯೋಕೆ ಕೂತೆ. ನಿನ್ನ ಬೆರಳು ಸೆಟೆದದ್ದು ನೆನಪಾಯ್ತು. ಎದ್ದುಬಿಟ್ಟೆ. ಸೀರಮ್ ಕೆಲಸ ಮಾಡದೇ ಹೋದರೆ ಯಾರಿಗೂ ನಷ್ಟ ಇಲ್ಲ ಅಂದುಕೊಂಡೆ. ಅದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಗೊತ್ತಿರಲಿಲ್ಲ.

ಇನ್ನೊಂದಿದೆ. ಎರಡು ವಾರದ ಹಿಂದೆ ನ್ಕೆತಿಯಾ ಅವರು ಕ್ಯಾಂಟೀನಿನಲ್ಲಿ ಹೇಳಿದರು: "ನಮ್ಮ ಲಾಮಿಸಿ ಇನ್ನು ಬರಲ್ಲ ಕಣಯ್ಯಾ. ಚಾಕೊಲೇಟ್ ಕಂಪನಿಯೊಂದು ಅವಳಿಗೆ ಅಲ್ಲೇ ಮೂರು ವರ್ಷದ ಕೆಲಸ ಕೊಟ್ಟಿದೆ. ಆ ಎರಡನೆಯ ಗೆರೆಯ ಮೇಲೆ." ನೀನು ನನಗೆ ಬರೆದಿರಲಿಲ್ಲ. ಕೇಳಿದ ಮೇಲೆ ಎರಡು ವಾರ ಸುಮ್ಮನಿದ್ದೆ. ಈಗ ಬಾಯಿಬಿಟ್ಟರೆ ನಿನ್ನನ್ನು ವಾಪಸ್ಸು ಎಳೆಯೋಕೆ ನಾನು ಹೀಗೆ ಮಾಡಿದೆ ಅಂತ ನಿನಗನ್ನಿಸುತ್ತೆ. ನನಗೇ ಅನ್ನಿಸ್ತಾ ಇದೆ. ನೀನು ಬರಬೇಕು ಅಂತ ನನಗೆ ಎಷ್ಟು ಆಸೆ ಅಂದರೆ, ನಾನು ಈ ಕಾಗದ ನಿಜಕ್ಕೋಸ್ಕರ ಬರೀತಿದ್ದೀನಾ ಆಸೆಗೋಸ್ಕರ ಬರೀತಿದ್ದೀನಾ ಅಂತ ನನಗೇ ಗೊತ್ತಾಗ್ತಿಲ್ಲ. ಆದರೆ ನೀನು ಜೂನಿನಲ್ಲಿ ಅಷ್ಟು ಜನರ ಮುಂದೆ ನಿಂತು ನನ್ನ ಸುಳ್ಳನ್ನು ನಿನ್ನ ಬಾಯಲ್ಲಿ ಹೇಳ್ತೀಯ. ಅದು ಆಗಬಾರದು.

ಮುದಿ ಮೊಲದ ಹಳೆಯ ರಕ್ತ ಸ್ವಲ್ಪ ಸಿಕ್ಕಿತು, ನಿನ್ನ ಸೂಜಿಗೆ ಮುಂಚಿನದು. ಕಳಿಸಿದ್ದೇನೆ. ಸುರಿದು ನೋಡು.

ಅದೊಮಾಕೊ


ಲುಂಡ್
೬ ಜೂನ್ ೧೯೯೧

ಅದೊಮಾಕೊ,

ನಿನ್ನ ಕಾಗದ ಏಪ್ರಿಲ್ ಕೊನೆಗೇ ಬಂತು. ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಹಳೆಯ ರಕ್ತ ಸುರಿದೆ. ಮೇಲಿನ ಗೆರೆ ಮಾತ್ರ ಬಂತು, ಒಂಟಿಯಾಗಿ. ಆ ಕಡಲೆಕಾಯಿ ಕಿಣ್ವದ ಚೂರು ಇಲ್ಲಿನ ಇನ್ನೊಂದು ಪ್ರಯೋಗಾಲಯದಲ್ಲಿತ್ತು. ಅದನ್ನು ಮಣಿಗಳಿಗೆ ಅಂಟಿಸಿ ನಿನ್ನ ಸೀರಮನ್ನು ಅದರ ಮೂಲಕ ಇಳಿಸಿದೆ. ಅದರ ಪ್ರತಿಕಾಯಗಳೆಲ್ಲ ಮಣಿಗೆ ಅಂಟಿಕೊಂಡು ಹಿಂದೆ ಉಳಿದವು. ಕೆಳಗಿಳಿದದ್ದನ್ನು ಹೊಸ ಫಿಲ್ಮಿಗೆ ಹಾಕಿದೆ. ಎರಡನೆಯ ಗೆರೆ ಇಲ್ಲ. ಕೆಂಪು ದೀಪದ ಕೆಳಗೆ ಮತ್ತೆ ನಿಂತಿದ್ದೆ. ಈ ಸಲ ನಿನ್ನನ್ನು ಪಕ್ಕದಲ್ಲಿ ಬಯಸಲಿಲ್ಲ. ಎದುರಿಗೆ ಸಿಕ್ಕಿದ್ದರೆ ಹೊಡೆಯುತ್ತಿದ್ದೆ.

ಲಿಂಡೆಲ್ ಅವರಿಗೆ ಎಲ್ಲ ಹೇಳಿದೆ. ಅವರು ಎರಡೂ ಫಿಲ್ಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ನಿಮಗೆ ಬರೆದವನು ಯಾರು?" ಅಂದರು. ಮೊಲ ನೋಡಿಕೊಳ್ಳುವವನು ಅಂದೆ. "ಬರೆಯದೇ ಇರಬಹುದಿತ್ತು" ಅಂದರು. ಸಮ್ಮೇಳನದಿಂದ ಹೆಸರು ತೆಗೆಸಿದೆವು. ಕಂಪನಿ ಕೆಲಸವನ್ನು ಹಿಂದಕ್ಕೆ ತೆಗೆದುಕೊಂಡಿತು, ಎರಡು ಸಾಲಿನ ಕಾಗದದಲ್ಲಿ.

ಇರುವೆಯ ವಿಷಯಕ್ಕೆ ನನಗೆ ಕೋಪವಿಲ್ಲ. ಕುಡಿದದ್ದಕ್ಕೂ ಇಲ್ಲ. ನೀಲಿ ಮುಚ್ಚಳಕ್ಕೆ ಇದೆ. ಅದಿಲ್ಲದೆ ಯಾವುದನ್ನೂ ನಂಬುವ ಹಾಗಿಲ್ಲ ಅಂತ ನಿನಗೆ ಬರೆದಿದ್ದೆ, ನೀನು ಅದನ್ನೇ ಆರಿಸಿಕೊಂಡೆ.

ಈಗ ನನ್ನ ಸರದಿ. ಮಾರ್ಚ್ ಹನ್ನೆರಡಕ್ಕೇ ಆ ಮೂರು ವರ್ಷಕ್ಕೆ ಒಪ್ಪಿಕೊಂಡು ಸಹಿ ಹಾಕಿದ್ದೆ. ಹದಿನಾರು ದಿನ ಬಿಟ್ಟು ನಿನಗೆ "ಹೊಸ ವಿಷಯ ಏನೂ ಇಲ್ಲ" ಅಂತ ಬರೆದೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡರೆ ಬರೆಯುವುದು ಸುಲಭವಾಗುತ್ತದೆ ಅನ್ನಿಸಿತ್ತು. ಸುಲಭವಾಗಿಯೇ ಆಯಿತು.

ಅದಕ್ಕೂ ಇದಕ್ಕೂ ಸರಿಹೋಯಿತು ಅಂತ ನಾನು ಅನ್ನುತ್ತಿಲ್ಲ.

ಲಾಮಿಸಿ


ಸಾಂಗ್
೨೫ ಜುಲೈ ೧೯೯೧, ಗುರುವಾರ

ಲಾಮಿಸಿ,

ನಾನು ಈಗ ನಿಮ್ಮೂರಿನಲ್ಲಿದ್ದೇನೆ. ನ್ಕೆತಿಯಾ ಅವರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ರಿಜಿಸ್ಟರಿನಲ್ಲಿ ನನ್ನ ಕೈಯಿಂದಲೇ ಬರೆಸಿದರು. ಪ್ರಾಣಿಮನೆ ಕೀಲಿ ಬೇರೆಯವರಿಗೆ ಹೋಯಿತು. ಕೆಲಸದಿಂದ ತೆಗೀತಾರೆ ಅಂದುಕೊಂಡಿದ್ದೆ. "ಮರಗಳಿಗೆ ಸೀಮೆಎಣ್ಣೆ ಬೇಕಾಗಲ್ಲ, ಅಲ್ಲಿಗೆ ಹೋಗು" ಅಂದರು. ನಲವತ್ತು ಮರಕ್ಕೆ ತಗಡಿನ ನಂಬರು ಹೊಡೆದಿದ್ದೇನೆ. ದಿನಾ ಯಾವ ಮರದ ಕೆಳಗೆ ಎಷ್ಟು ಬಿತ್ತು ಅಂತ ಬರ್ಕೋತೀನಿ. ಹೊಸ ಮೊಲಗಳಿಗೆ ಕೊಡೋಕೆ ನಿನಗೆ ಹೊಸ ಕಿಣ್ವ ಬೇಕಾಗುತ್ತೆ, ಪುಡಿ ಮಾಡಿ ಕಳಿಸ್ತಿದ್ದೇನೆ. ಪ್ರತಿ ಡಬ್ಬಿಯ ಮೇಲೂ ಬೇರೊಬ್ಬರ ಸಹಿ ಹಾಕಿಸಿದ್ದೇನೆ. ನನ್ನ ಮಾತಿನ ಮೇಲೆ ನೀನು ನಿಲ್ಲಬೇಕಾಗಿಲ್ಲ.

ನಿಮ್ಮಮ್ಮನಿಗೂ ಹೇಳಿದೆ. ಮೊದಲಿಂದ ಕೊನೆ ತನಕ ಕೇಳಿದರು, ಬೆಣ್ಣೆ ಕಡಿಯೋದು ನಿಲ್ಲಿಸಲಿಲ್ಲ.

"ಬೈದಳಾ?" ಅಂದರು.

"ಇಲ್ಲಮ್ಮಾ. ಬರೆದಳು, ಬೈಯಲಿಲ್ಲ."

"ಅವಳು ಅವರಪ್ಪನ ಥರ. ಕಾಗದದಲ್ಲಿ ಬೈಯೋ ಜನ ಅಲ್ಲ ಅವರು." ಆಮೇಲೆ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಟುವೊ ಮುದ್ದೆ ಬಡಿಸಿಟ್ಟರು. "ತಿನ್ನು. ನೀನು ಸುಳ್ಳು ಹೇಳಿದ್ದು ನನ್ನ ಮಗಳಿಗೆ, ನನ್ನ ಅಡುಗೆಗಲ್ಲ." ತಿಂದೆ.

ಬಾ ಅಂತ ನಾನು ಬರೆಯಲ್ಲ. ಬರೆಯೋ ಹಕ್ಕು ನನಗಿಲ್ಲ. ಇಲ್ಲಿ ಸಂಜೆ ಹೊತ್ತು ಹೆಂಗಸರು ಕಾಯಿ ಹೊತ್ತು ಬರುವಾಗ ದೂರದಿಂದ ಎಲ್ಲರೂ ನಿನ್ನ ಹಾಗೇ ನಡೀತಾರೆ. ಹತ್ತಿರ ಬಂದ ಮೇಲೆ ಯಾರೂ ಅಲ್ಲ.

ಅದೊಮಾಕೊ


ಲುಂಡ್
೨೮ ನವೆಂಬರ್ ೧೯೯೧, ಗುರುವಾರ

ಅದೊಮಾಕೊ,

ನಿನ್ನೆ ಡಾಕ್ಟರೇಟ್ ಪದವಿಯ ಪರೀಕ್ಷೆ ಮುಗಿಯಿತು. ಆ ಒಂದೇ ಗೆರೆಯ ಮೇಲೆ ಬರೆದೆ. ತೊಳೆದ ಸೀರಮ್ ಹೇಳಿದ್ದು ಇಷ್ಟು: ಮೆತ್ತನೆ ಮರಗಳಲ್ಲಿ ಈ ಕಿಣ್ವ ಕಾಯಿ ಬೀಳುವ ತನಕ ಇರುತ್ತದೆ. ಗಟ್ಟಿ ಮರಗಳಲ್ಲಿ ಕಾಯಿ ಕಟ್ಟಿದ ಹತ್ತನೆಯ ವಾರಕ್ಕೇ ಹೋಗಿಬಿಡುತ್ತದೆ. ದೊಡ್ಡ ಸುದ್ದಿಯಲ್ಲ. ಯಾರೂ ಭುಜ ಹಿಡಿಯಲಿಲ್ಲ. ಆದರೆ ಪರೀಕ್ಷಕರು ಒಂದು ಗಂಟೆ ಕುಟ್ಟಿ ನೋಡಿದರು, ಎಲ್ಲೂ ಬಿರುಕು ಸಿಗಲಿಲ್ಲ. ಸೀರಮ್ ಎಲ್ಲಿಂದ ಬಂತು ಅನ್ನುವುದನ್ನು, ಮುದಿ ಮೊಲವನ್ನೂ ಸೇರಿಸಿ, ಇದ್ದಹಾಗೆ ಬರೆದಿದ್ದೇನೆ. ನಿನ್ನ ಹೆಸರೂ ಇದೆ. ಈ ಸಲ ನಿನ್ನನ್ನು ಕೇಳಲಿಲ್ಲ.

ಲಿಂಡೆಲ್ ಅವರು ಇನ್ನೊಂದು ವರ್ಷ ಇರಿ, ಹೇಗಾದರೂ ಮಾಡಿ ಸಂಬಳ ಹೊಂದಿಸುತ್ತೇನೆ ಅಂದರು. ಎರಡು ದಿನ ನನ್ನನ್ನೇ ಕೇಳಿಕೊಂಡೆ. ಮೂರನೆಯ ದಿನ ಇಲ್ಲ ಅಂದೆ.

"ನಾನು ಬರುತ್ತಿರುವುದು ಮರಗಳಿಗಾಗಿ, ನಿನಗಾಗಿ ಅಲ್ಲ" ಅಂತ ಇಲ್ಲಿ ಬರೆಯಬೇಕು ಅಂದುಕೊಂಡಿದ್ದೆ. ಬರೆದೂ ನೋಡಿದೆ. ಓದಿದರೆ ಸುಳ್ಳು ಅನ್ನಿಸಿತು, ಆ ಹಾಳೆ ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ.

ಡಿಸೆಂಬರ್ ಹತ್ತೊಂಬತ್ತರ ಮಧ್ಯಾಹ್ನ ನಮ್ಮೂರಿನ ಕಡೆಯ ಪೇಟೆ ತಮಾಲೆಗೆ ಬಸ್ಸು ಸೇರುತ್ತದೆ. ಕೋಪ ಇನ್ನೂ ಹೋಗಿಲ್ಲ, ಅದನ್ನು ಜೊತೆಗೇ ತರುತ್ತಿದ್ದೇನೆ. ಅದು ಹೋಗುವ ತನಕ ಕಾದಿದ್ದರೆ ಇನ್ನೊಂದು ಚಳಿಗಾಲ ಇಲ್ಲೇ ಕಳೆಯುತ್ತಿತ್ತು, ಅದು ನನ್ನಿಂದಾಗದು. ಏನೂ ತರಬೇಡ. ಯಾರನ್ನೂ ಕರೆದುಕೊಂಡು ಬರಬೇಡ. ಏನು ಹೇಳಬೇಕು ಅಂತ ಯೋಚಿಸಿಕೊಂಡೂ ಬರಬೇಡ. ಬಸ್ಸಿನ ಬಾಗಿಲಿನ ಹತ್ತಿರ, ನಾನು ಇಳಿಯುವಾಗ ಕಾಣುವ ಹಾಗೆ ನಿಂತಿರು.

ಲಾಮಿಸಿ